ಮೂರನೇ ವರ್ಷದ ಹೊಸ ಕೋಟು

ಕಾಲೇಜಿನ ಬಾಗಿಲನ್ನೇ ಇನ್ನೂ ನೋಡಿಲ್ಲ, ಆಗಲೇ ಮೂರು ಬಿಳಿ ಕೋಟು ಹೊಲಿಸಲು ಬಂದಿದ್ದರು ತಾಯಿ ಮತ್ತು ಮಗಳು.

ಎನ್.ಆರ್. ಪುರದ ಬಸ್ ಸ್ಟ್ಯಾಂಡ್ ಹಿಂದಿರುವ ನನ್ನ ಯೂನಿಫಾರ್ಮ್ ಅಂಗಡಿಯಲ್ಲಿ ಶಾಲೆಗಳ ಗಲಾಟೆ ಮುಗಿದು, ಹೊಲಿಗೆಯವರಿಗೆ ಕೂತು ಚಹಾ ಕುಡಿಯಲು ಪುರುಸೊತ್ತು ಸಿಕ್ಕಿದ್ದ ಹೊತ್ತು ಅದು. ತಾಯಿಯ ಹೆಸರು ಗಿರಿಜಾ, ಮುತ್ತಿನಕೊಪ್ಪದವಳು. ಗಂಡ ಹೆಂಡತಿ ಇಬ್ಬರೂ ಬೇರೆಯವರ ತೋಟದಲ್ಲಿ ಕೂಲಿ. ಮಗಳು ಕಾವ್ಯ, ಈ ವರ್ಷ ಸೈನ್ಸಿನಲ್ಲಿ ಪಿಯುಸಿ ಮುಗಿಸಿದವಳು. ಬಿಎಸ್ಸಿ ನರ್ಸಿಂಗ್ ಓದಬೇಕಂತೆ.

ಯಾವ ಕಾಲೇಜು ಅಂತ ಕೇಳಿದೆ. ಗಿರಿಜಾ ಮಗಳ ಮುಖ ನೋಡಿದಳು. ಮಗಳು ಒಂದು ಹೆಸರು ಹೇಳಿದಳು. ನಾನು ಕೇಳದ ಹೆಸರು, ಬಯಲುಸೀಮೆ ಕಡೆಯ ಊರು. ಹೋಗಿ ನೋಡಿ ಬಂದಿದ್ದೀರಾ ಅಂದರೆ ಇಲ್ಲ. ಅಲ್ಲಿಯ ಯಾರ ಹತ್ತಿರವಾದರೂ ಮಾತಾಡಿದ್ದೀರಾ ಅಂದರೆ ಅದೂ ಇಲ್ಲ. ಮತ್ತೆ ಕೋಟಿಗೆ ಎಂತ ಅವಸರ? ಸೀಟು ಬ್ಲಾಕ್ ಆಗಿದೆ, ಕೋಟು ಹೊಲಿಸಿಟ್ಟುಕೊಳ್ಳಿ ಅಂತ ಸುಧಾಕರಣ್ಣ ಹೇಳಿದ್ದಾರಂತೆ.

ಈ ಸುಧಾಕರಣ್ಣನಂಥವರು ನಿಮಗೂ ಗೊತ್ತು. (ಗೊತ್ತಿಲ್ಲ ಅನ್ನಬೇಡಿ. ಇವತ್ತು ಬೆಳಿಗ್ಗೆ ನಿಮ್ಮ ಮೊಬೈಲಿಗೆ ಬಂದ ಗುಡ್ ಮಾರ್ನಿಂಗ್ ಗುಲಾಬಿ ಹೂವು ಅಂಥವನದ್ದೇ.) ಕೊಪ್ಪದಲ್ಲಿ ಒಂದು ಮೇಜು, ಎರಡು ಕುರ್ಚಿ. ಮೊದಲು ಇನ್ಶೂರೆನ್ಸ್ ಮಾಡಿಸುತ್ತಿದ್ದ. ಆಮೇಲೆ ನೀರು ಶುದ್ಧ ಮಾಡುವ ಮೆಶಿನ್ ಮಾರಿದ. ಈಗ ಅದೇ ಬೋರ್ಡಿಗೆ ಬಣ್ಣ ಹೊಡೆಸಿ ‘ಎಜುಕೇಶನ್ ಕನ್ಸಲ್ಟೆಂಟ್’ ಆಗಿದ್ದಾನೆ. ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಮೂರೂ ತಾಲೂಕಿನಲ್ಲಿ ಯಾವ ಮನೆಯ ಹುಡುಗಿ ಸೈನ್ಸ್ ತಗೊಂಡಿದ್ದಾಳೆ ಅನ್ನುವುದು ಅವಳ ಚಿಕ್ಕಪ್ಪನಿಗೆ ಗೊತ್ತಿರುವುದಿಲ್ಲ, ಇವನಿಗೆ ಗೊತ್ತಿರುತ್ತದೆ.

ಇವನ ಜಾಣತನ ನೋಡಿ. ಮುತ್ತಿನಕೊಪ್ಪಕ್ಕೆ ಬೈಕಿನಲ್ಲಿ ಬಂದವನು ದುಡ್ಡು ಕೇಳಲೇ ಇಲ್ಲ. ಈಗ ಏನೂ ಬೇಡ, ಸೇರುವಾಗ ನೋಡಿಕೊಳ್ಳೋಣ, ಒರಿಜಿನಲ್ ಮಾರ್ಕ್ಸ್ ಕಾರ್ಡುಗಳನ್ನು ಕೊಡಿ, ಸೀಟು ಬ್ಲಾಕ್ ಮಾಡಿಬಿಡ್ತೇನೆ ಅಂದನಂತೆ. ದುಡ್ಡು ಕೇಳಿದ್ದರೆ ಕಾವ್ಯಳ ಅಪ್ಪ ಮಂಜಪ್ಪ ಊರೆಲ್ಲ ವಿಚಾರಿಸಿ ಬರುತ್ತಿದ್ದ. ಕಾಗದ ಕೇಳಿದ ನೋಡಿ, ಮಂಜಪ್ಪ ಎದ್ದು ಹೋಗಿ ಟ್ರಂಕಿನಿಂದ ತೆಗೆದುಕೊಟ್ಟ. ಹತ್ತನೇ ಕ್ಲಾಸಿನದ್ದು, ಪಿಯುಸಿಯದ್ದು, ಎರಡೂ.

ಅದನ್ನು ಸುಮ್ಮನೆ ಕೈಯಲ್ಲಿ ಕೊಟ್ಟರೋ? ಇಲ್ಲ. ಶುಭ ಕೆಲಸ ಅಂತ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ಅದರ ಮೇಲೆ ಮಾರ್ಕ್ಸ್ ಕಾರ್ಡಿನ ಪ್ಲಾಸ್ಟಿಕ್ ಕವರ್ ಇಟ್ಟು, ದೇವರಿಗೆ ಕೈ ಮುಗಿದು, ಮನೆಗೆ ಬಂದ ಬೀಗರಿಗೆ ಕೊಡುವ ಹಾಗೆ ಕೊಟ್ಟರಂತೆ. ಆ ಮನುಷ್ಯನೂ ಎರಡು ಕೈ ಚಾಚಿ ತಗೊಂಡ. ಕವರ್ ಬ್ಯಾಗಿಗೆ, ಎಲೆ ಅಡಿಕೆ ಬಾಯಿಗೆ. ರಶೀದಿ? ವಿಸಿಟಿಂಗ್ ಕಾರ್ಡಿನ ಹಿಂದುಗಡೆ ‘ಓಕೆ’ ಅಂತ ಬರೆದು ಸೈನ್ ಮಾಡಿದ್ದ. ಅದನ್ನು ಗಿರಿಜಾ ನನಗೆ ಜೋಪಾನವಾಗಿ ತೋರಿಸಿದಳು.

ನಮ್ಮ ಕಡೆ ಜನ ಒಂದು ಕತ್ತಿ ಕೊಳ್ಳುವಾಗ ಉಗುರಿನಿಂದ ಬಾಯಿ ತಟ್ಟಿ ನೋಡುತ್ತಾರೆ. ಒಂದು ಹಸು ತರುವ ಮೊದಲು ಮೂರು ಸಲ ಹೋಗಿ ಹಲ್ಲು ಎಣಿಸುತ್ತಾರೆ. ಮಗಳ ನಾಲ್ಕು ವರ್ಷ ಕೊಡುವಾಗ ಮಾತ್ರ ತಟ್ಟೆ ಹುಡುಕುತ್ತಾರೆ.

ಇಷ್ಟೆಲ್ಲ ಬೈಯುವ ನಾನು ಆ ದಿನ ಮಾಡಿದ್ದೇನು? ಅದನ್ನೂ ಹೇಳಿಬಿಡುತ್ತೇನೆ.

ಈ ಅಂಕಣ ಓದುವವರಿಗೆ ಗೊತ್ತು, ನಾನು ಚೌಕಾಸಿ ಮಾಡದೆ ಕೊತ್ತಂಬರಿ ಸೊಪ್ಪನ್ನೂ ತಂದವಳಲ್ಲ. ಬಾಡಿಗೆಗೆ ತಂದ ಒಂದು ಹೊಲಿಗೆ ಮೆಶಿನ್ನಿನಿಂದ ಶುರು ಮಾಡಿದವಳು, ಇವತ್ತು ಆರು ಮೆಶಿನ್ ಇದೆ ಅಂದರೆ ಅದಕ್ಕೆ ಕಾರಣ ನನ್ನ ಕೈ ಅಲ್ಲ, ಬಾಯಿ. ಗಿರಿಜಾಳ ಕಥೆ ಕೇಳಿದ ಕೂಡಲೇ ನನ್ನ ಬಾಯಿ ತುರಿಸಿತು. ಸುಧಾಕರನಿಗೆ ಫೋನು ಹಚ್ಚಿದೆ. ಫೀಸು ಇಳಿಸಿದೆ. ಹಾಸ್ಟೆಲನ್ನು ಫೀಸಿನ ಒಳಗೇ ಸೇರಿಸಿದೆ. ಬಸ್ಸಿನ ಚಾರ್ಜು ತೆಗೆಸಿದೆ. ‘ಡೆವಲಪ್‌ಮೆಂಟ್’ ಅಂತ ಒಂದು ಬಾಬ್ತು ಇತ್ತು, ಯಾರ ಡೆವಲಪ್‌ಮೆಂಟ್ ಮಾರಾಯ ಅಂತ ಕೇಳಿ ಅದನ್ನೂ ಅಳಿಸಿದೆ. ಆಚೆ ಕಡೆ ಅವನು ನರಳಿದ. ಈಚೆ ಕಡೆ ನಾನು ಬೀಗಿದೆ. ಗಿರಿಜಾ ಕೈ ಮುಗಿದಳು.

ಕಾವ್ಯ ಮಾತ್ರ ಮೆಲ್ಲಗೆ, “ಅಕ್ಕಾ, ಅಲ್ಲಿ ಆಸ್ಪತ್ರೆ ಇದೆಯಾ ಕೇಳಿ” ಅಂದಳು.

ಅದೆಲ್ಲ ಇರ್ತದೆ ಬಿಡು, ಮೊದಲು ರೇಟು ಕುದುರಲಿ ಅಂದೆ. ಅಳತೆ ತಗೊಂಡು ಕಳಿಸಿದೆ.

ಮಾಲು ನೋಡದೆ ರೇಟು ಇಳಿಸಿದವಳನ್ನು ಏನೆನ್ನಬೇಕು? ಬಟ್ಟೆ ಅಂಗಡಿಯಲ್ಲಿ ನಾನು ಮೊದಲು ಥಾನು ಬಿಚ್ಚಿಸಿ, ಬೆಳಕಿಗೆ ಹಿಡಿದು, ಎರಡು ಎಳೆ ಕಿತ್ತು ನೋಡಿದ ಮೇಲೆಯೇ ದರ ಕೇಳುವುದು. ಅವತ್ತು ಥಾನು ಎಲ್ಲಿದೆ ಅನ್ನುವುದೇ ಗೊತ್ತಿರಲಿಲ್ಲ. ಕಡಿಮೆಗೆ ಸಿಕ್ಕಿತು ಅಂತ ಖುಷಿಪಡುವ ಕಾಯಿಲೆ ನಮ್ಮಲ್ಲಿ ಎಲ್ಲರಿಗೂ ಇದೆ. ನನಗೆ ಸ್ವಲ್ಪ ಜಾಸ್ತಿ.

ಕೋಟು ಕತ್ತರಿಸುವ ಮೊದಲೇ, ಅಂದರೆ ಎಂಟನೇ ದಿನಕ್ಕೆ, ಕಾವ್ಯ ಒಬ್ಬಳೇ ಬಂದಳು. ಕೈಯಲ್ಲೊಂದು ಪ್ರಿಂಟ್ಔಟ್. ಸಿಇಟಿಯಲ್ಲಿ ಅವಳಿಗೆ ಸೀಟು ಬಂದಿತ್ತು. ಸರ್ಕಾರಿ ನರ್ಸಿಂಗ್ ಕಾಲೇಜು, ಜಿಲ್ಲಾಸ್ಪತ್ರೆಯ ಕಾಂಪೌಂಡಿನ ಒಳಗೇ ಇರುವಂಥದ್ದು.

ಸಿಇಟಿ ಇರುವುದು ಎಂಜಿನಿಯರಿಂಗಿಗೆ, ನರ್ಸಿಂಗಿಗೆ ಅದರಲ್ಲೆಲ್ಲ ಸೀಟು ಇಲ್ಲ ಅಂತ ಸುಧಾಕರ ಹೇಳಿದ್ದನಂತೆ. ಪಿಯು ಕಾಲೇಜಿನ ಬಯಾಲಜಿ ಮೇಡಂ ಮಾತ್ರ ಬಿಡದೆ ಪರೀಕ್ಷೆ ಬರೆಸಿ, ಕಾಲೇಜಿನ ಕಂಪ್ಯೂಟರಿನ ಎದುರು ಕೂರಿಸಿ, ಯಾವ ಯಾವ ಕಾಲೇಜು ಬೇಕು ಅಂತ ತುಂಬಿಸಿದ್ದರು. ಆ ಮೇಡಂ ಬಿಟ್ಟರೆ ಈ ಹುಡುಗಿಗೆ ಸರಿಯಾದ ಮಾತು ಹೇಳಿದವರು ಮೂರು ತಾಲೂಕಿನಲ್ಲಿ ಇನ್ನೊಬ್ಬರಿಲ್ಲ. (ನನ್ನನ್ನೂ ಸೇರಿಸಿ.)

ಸೀಟೇನೋ ಬಂತು. ಶುಕ್ರವಾರದ ಒಳಗೆ ಒರಿಜಿನಲ್ ಮಾರ್ಕ್ಸ್ ಕಾರ್ಡು ಹಿಡಿದುಕೊಂಡು ಹೋಗಿ ಹಾಜರಾಗಬೇಕು. ಇಲ್ಲದಿದ್ದರೆ ಸೀಟು ಇನ್ನೊಬ್ಬರಿಗೆ. ಆ ದಿನ ಮಂಗಳವಾರ.

ಅಪ್ಪ ಏನಂದ ಅಂತ ಕೇಳಿದೆ. ನೀವೇ ಕೇಳಿ ಅಂತ ಹುಡುಗಿ ನಂಬರು ಕೊಟ್ಟಳು. ಮಂಜಪ್ಪನಿಗೇ ಫೋನು ಮಾಡಿದೆ. ಅವನು ಸಂತೋಷಪಡುತ್ತಾನೆ ಅಂದುಕೊಂಡಿದ್ದರೆ, ಅವನಿಗೆ ಸಂಕಟ. “ತಟ್ಟೆಯಲ್ಲಿಟ್ಟು ಕೊಟ್ಟದ್ದನ್ನ ಯಾವ ಮುಖ ಇಟ್ಟುಕೊಂಡು ವಾಪಸ್ ಕೇಳೋದು ಅಕ್ಕ? ನಾಲ್ಕು ಜನ ಏನಂತಾರೆ?”

ನಾಲ್ಕು ಜನ ಏನಂತಾರೆ ಅಂತ ನನಗೆ ಮೊದಲೇ ಗೊತ್ತಿತ್ತು. ಆ ನಾಲ್ಕರಲ್ಲಿ ಒಬ್ಬ ಮಂಜಪ್ಪನ ಅಣ್ಣ. ನರ್ಸು ಅಂದರೆ ಕಂಡವರ ಹೇಲು ಉಚ್ಚೆ ಬಾಚುವ ಕೆಲಸ, ಅದಕ್ಕೆ ಸರ್ಕಾರಿಯಾದರೇನು ಪ್ರೈವೇಟ್ ಆದರೇನು ಅಂತ ಹೇಳಿಕೊಂಡು ತಿರುಗುವವನು. ಹೋದ ವರ್ಷ ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವನದ್ದನ್ನು ಬಾಚಿದವರು ಯಾರು? ಅವನ ಜಾತಿಯವರೋ, ಅವನ ನಾಲ್ಕು ಜನರೋ? ಅದನ್ನು ಅವನು ಹೇಳುವುದಿಲ್ಲ. ನರ್ಸು ಬೇಕು, ಬೆಲ್ಲು ಒತ್ತಿದ ಕೂಡಲೇ ಬೇಕು. ಮನೆಯ ಮಗಳು ಆಗಬಾರದು, ಸೊಸೆಯಾಗಿ ಬರಬಾರದು, ಅಷ್ಟೇ.

ಮಂಜಪ್ಪನಿಗೆ ಹೇಳಿದೆ, ಕೇಳುವ ಮುಖ ನನ್ನ ಹತ್ತಿರ ಇದೆ, ನೀನು ಗಿರಿಜಾಳನ್ನು ಕಳಿಸು ಸಾಕು.

ಅದೇ ದಿನ ಕೊಪ್ಪಕ್ಕೆ ಹೋದೆವು. ಸುಧಾಕರ ನಮ್ಮನ್ನು ಕಂಡು ಲಿಂಬೆ ಶರಬತ್ತು ತರಿಸಿದ. ಕವರ್ ಕಾಲೇಜಿಗೆ ಹೋಗಿ ಆಗಿದೆ, ಇನ್ನು ತನ್ನ ಕೈಯಲ್ಲಿ ಇಲ್ಲ ಅಂದ. ಸರ್ಕಾರಿ ಕಾಲೇಜಿನಲ್ಲಿ ಪಾಠವೇ ನಡೆಯುವುದಿಲ್ಲ, ರೋಗಿಗಳ ನಡುವೆ ಎಳೆದಾಡಿಸುತ್ತಾರೆ, ಇಲ್ಲಿಯಾದರೆ ಹುಡುಗಿಗೆ ಕಷ್ಟವೇ ಇಲ್ಲ, ನಾಲ್ಕು ವರ್ಷ ಕುಳಿತೆದ್ದರೆ ಡಿಗ್ರಿ ಅಂತ ಗಿರಿಜಾಳಿಗೆ ಬುದ್ಧಿ ಹೇಳಿದ. ಶರಬತ್ತು ಕುಡಿದು ಎದ್ದೆ. (ಬಿಡುವುದೇಕೆ?)

ಬುಧವಾರ ಬೆಳಗ್ಗೆ ಮೊದಲ ಬಸ್ಸಿಗೆ ಮೂವರೂ ಹೊರಟು, ಎರಡು ಬಸ್ಸು ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಸುಧಾಕರ ಹೇಳಿದ ಆ ಕಾಲೇಜು ತಲುಪಿದೆವು. ಕಾಲೇಜು ಅಂದರೆ ಟೈಲ್ಸ್ ಅಂಗಡಿಯ ಮೇಲಿನ ಎರಡು ಮಹಡಿ. ಮೆಟ್ಟಿಲಿನ ಪಕ್ಕ ನಗುವ ನರ್ಸಿನ ದೊಡ್ಡ ಫ್ಲೆಕ್ಸು. ಅಂಥ ಚಂದದ ನರ್ಸು ಯಾವ ಆಸ್ಪತ್ರೆಯಲ್ಲೂ ನಾನು ಕಂಡಿಲ್ಲ, ನಮ್ಮ ಆಸ್ಪತ್ರೆಗಳ ನರ್ಸುಗಳಿಗೆ ನಗಲು ಪುರುಸೊತ್ತು ಎಲ್ಲಿದೆ?

ಊಟದ ಬಿಡುವು. ಹುಡುಗಿಯರೆಲ್ಲ ಬಿಳಿ ಕೋಟು ಹಾಕಿಕೊಂಡು ಕಾರಿಡಾರಿನಲ್ಲಿ ನಿಂತಿದ್ದರು. ಗಿರಿಜಾಳಿಗೆ ಅದನ್ನು ನೋಡಿಯೇ ಮನಸ್ಸು ತುಂಬಿತು. ಎಷ್ಟು ಕ್ಲೀನು ನೋಡಿ ಅಕ್ಕ ಅಂದಳು.

ನಾನೂ ನೋಡಿದೆ. ಕ್ಲೀನೇ.

ಆ ಕ್ಲೀನೇ ನನಗೆ ಸರಿ ಕಾಣಲಿಲ್ಲ.

ಶೃಂಗೇರಿ ಹತ್ತಿರದ ಬೇಗಾರಿನ ಆಶಾ ಎಂಬ ಹುಡುಗಿ ನನ್ನ ಅಂಗಡಿಗೆ ಮೂರು ವರ್ಷದಿಂದ ಬರುತ್ತಾಳೆ. ಬೇರೊಂದು ಊರಿನಲ್ಲಿ, ದೊಡ್ಡ ಆಸ್ಪತ್ರೆಗೆ ಸೇರಿದ ಕಾಲೇಜಿನಲ್ಲಿ ನರ್ಸಿಂಗ್ ಓದುತ್ತಾಳೆ. ರಜೆಗೆ ಬಂದಾಗಲೆಲ್ಲ ಅವಳ ಕೋಟುಗಳು ನನ್ನ ಮೇಜಿನ ಮೇಲೆ. ಕತ್ತರಿ, ಟಾರ್ಚು, ಪೆನ್ನು ತುರುಕಿ ತುರುಕಿ ಬಲಗಡೆ ಜೇಬು ಹರಿದು ಜೋತಿರುತ್ತದೆ. ಬೆಡ್ಡಿನ ಕಬ್ಬಿಣಕ್ಕೆ ಉಜ್ಜಿ ಉಜ್ಜಿ ಸೊಂಟದ ಹತ್ತಿರ ಬಟ್ಟೆ ತೆಳ್ಳಗಾಗಿರುತ್ತದೆ. ತೋಳಿನ ತುದಿಯಲ್ಲಿ ಗಾಯಕ್ಕೆ ಹಚ್ಚುವ ಕಂದು ಔಷಧಿಯ ಗುರುತು. ಬ್ಲೀಚಿಂಗ್ ಹಾಕಿ ತೊಳೆದು ತೊಳೆದು ಬಿಳಿ ಅನ್ನುವುದು ಹಳದಿಗೆ ತಿರುಗಿರುತ್ತದೆ. ರೋಗಿಯನ್ನು ಎತ್ತಿ ಕೂರಿಸುವಾಗ ಕಂಕುಳ ಹೊಲಿಗೆ ಬಿಟ್ಟುಹೋಗುತ್ತದೆ ಅಂತ ಅಲ್ಲಿಗೆ ನಾನೇ ಡಬಲ್ ಹೊಲಿಗೆ ಹಾಕಿಕೊಡುತ್ತೇನೆ. ಆಶಾಳ ಕೋಟು ನೋಡಿದರೆ ಅವಳು ಆ ತಿಂಗಳು ಯಾವ ವಾರ್ಡಿನಲ್ಲಿದ್ದಳು ಅಂತ ಹೇಳಬಲ್ಲೆ.

ಇಲ್ಲಿ? ಒಬ್ಬಳನ್ನು ಕರೆದು ಯಾವ ವರ್ಷ ಅಂದೆ. ಥರ್ಡ್ ಇಯರ್ ಮೇಡಂ ಅಂದಳು. ನಿಮ್ಮ ಕೋಟು ಎಷ್ಟು ಹಳೆಯದು ಅಂದೆ. ಫಸ್ಟ್ ಇಯರಿನದ್ದೇ ಅಂತೆ. ಜೇಬಿನ ಬಾಯಿ ಹೊಲಿದ ದಿನದಷ್ಟೇ ನೆಟ್ಟಗಿತ್ತು. ತೋಳು ಬಿಳಿ. ಕಂಕುಳಲ್ಲಿ ಸಿಂಗಲ್ ಹೊಲಿಗೆ, ಒಂದು ದಾರವೂ ಎದ್ದಿಲ್ಲ. ಅವಳ ಪಕ್ಕದವಳದ್ದೂ ಹಾಗೆ. ಅದರ ಪಕ್ಕದವಳದ್ದೂ.

ಇಂಜೆಕ್ಷನ್ ಕೊಟ್ಟಿದ್ದೀಯಾ ಮಗಾ ಅಂತ ಕೇಳಿದೆ.

“ಕೊಟ್ಟಿದೀವಿ ಮೇಡಂ,” ಅಂದಳು. ಆಮೇಲೆ ಸ್ವಲ್ಪ ಸಣ್ಣ ದನಿಯಲ್ಲಿ, “ಮೂಸಂಬಿಗೆ.”

ಹಣ್ಣಿನ ಮೇಲೆ ಕಲಿಯುವುದು ತಪ್ಪಲ್ಲ, ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ ಅಂತ ಆಶಾ ಹೇಳಿದ್ದಳು. ಮೂರನೇ ವರ್ಷಕ್ಕೂ ಮೂಸಂಬಿಯೇ? ಆಸ್ಪತ್ರೆಗೆ ಎಷ್ಟು ಸಲ ಹೋಗಿದ್ದೀರಿ ಅಂದರೆ, ಇನ್ಸ್‌ಪೆಕ್ಷನ್ ಬರುವಾಗ ಕರೆದುಕೊಂಡು ಹೋಗ್ತಾರೆ ಅಂದಳು. ನೋಡಿಕೊಂಡ ರೋಗಿಗಳ ವಿವರ ಬರೆಯುವ ಪುಸ್ತಕ ಒಂದಿದೆಯಂತೆ. ಅದನ್ನು ಸೀನಿಯರುಗಳ ಪುಸ್ತಕದಿಂದ ನೋಡಿ ಬರೆಯುತ್ತಾರಂತೆ. ಆ ರೋಗಿಗಳು ಎಷ್ಟು ವರ್ಷದಿಂದ ಅದೇ ಹಾಸಿಗೆಯಲ್ಲಿ ಮಲಗಿದ್ದಾರೋ, ಪಾಪ.

ಕಾವ್ಯ ಕೇಳಿದ್ದು ಇದನ್ನೇ ಅಲ್ಲವೇ? ಆಸ್ಪತ್ರೆ ಇದೆಯಾ ಕೇಳಿ ಅಂತ. ನಾನು ಕೇಳಿದ್ದು ಬಸ್ ಚಾರ್ಜು.

ಆಫೀಸಿಗೆ ನುಗ್ಗಿದೆವು. ಹೊರಗೆ ಬೆಂಚಿನ ಮೇಲೆ ನಾಲ್ಕೈದು ಅಪ್ಪ ಅಮ್ಮಂದಿರು ಮಕ್ಕಳ ಜೊತೆ ಕೂತಿದ್ದರು. ಒಬ್ಬೊಬ್ಬರ ಮಡಿಲಲ್ಲೂ ಒಂದೊಂದು ಪ್ಲಾಸ್ಟಿಕ್ ಕವರ್. ಒಳಗೆ ಮ್ಯಾನೇಜರ್. ತೆಳು ಮೀಸೆ, ಗಂಧದ ಬೊಟ್ಟು, ಮಾತು ಬೆಣ್ಣೆ. ಅವನ ಬೆನ್ನಿಗೆ ಕಬ್ಬಿಣದ ಬೀರು.

ಒರಿಜಿನಲ್ ಕೊಡಿ, ಹುಡುಗಿಗೆ ಬೇರೆ ಕಡೆ ಸೀಟು ಆಗಿದೆ ಅಂದೆ. ಮೊದಲು ಕವರ್ ಯೂನಿವರ್ಸಿಟಿಗೆ ಹೋಗಿದೆ ಅಂದ. ಅಡ್ಮಿಷನ್ನೇ ಆಗಿಲ್ಲ, ಯಾವ ಯೂನಿವರ್ಸಿಟಿಗೆ ಹೋಯಿತು ಅಂದೆ. ಹಾಗಾದರೆ ಚೇರ್ಮನ್ ಊರಿನಲ್ಲಿಲ್ಲ, ಸೋಮವಾರ ಬನ್ನಿ ಅಂದ. ಸೋಮವಾರದ ಹೊತ್ತಿಗೆ ಶುಕ್ರವಾರ ಕಳೆದಿರುತ್ತದೆ ಅನ್ನುವುದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆಮೇಲೆ ಸೀಟು ಬ್ಲಾಕ್ ಮಾಡಿದ್ದರಿಂದ ನಾಲ್ಕು ವರ್ಷದ ಫೀಸು ಕಟ್ಟಿದರೆ ಮಾತ್ರ ವಾಪಸ್ ಅಂತ ಹೊಸ ರಾಗ ತೆಗೆದ. ನೀವು ಯಾವ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದೀರಿ ತೋರಿಸಿ ಅಂದೆ. ತೋರಿಸಲು ಇರಲಿಲ್ಲ. ಗಿರಿಜಾ ಬೇರೆ ಪಕ್ಕದಿಂದ, ನಾವೇ ತಟ್ಟೆಯಲ್ಲಿಟ್ಟು ಕೊಟ್ಟಿದ್ದು ಸಾರ್ ಅಂತ ಅವನಿಗೆ ಸಾಕ್ಷಿ ಹೇಳುತ್ತಿದ್ದಳು.

ಅರ್ಧ ಗಂಟೆ ಎಳೆದಾಟ. ಕೊನೆಗೆ ಅವನು ಧ್ವನಿ ತಗ್ಗಿಸಿ ಒಂದು ಮಾತು ಹೇಳಿದ. ನಿಮ್ಮಂಥವರು ಇಷ್ಟು ದೂರ ಬಂದಿದ್ದೀರಿ, ಬರಿಗೈಯಲ್ಲಿ ಕಳಿಸುವುದಿಲ್ಲ. ಎಸ್ಸೆಸ್ಸೆಲ್ಸಿ ಕಾರ್ಡು ಈಗ ತಗೊಂಡು ಹೋಗಿ. ಪಿಯುಸಿಯದ್ದು ಇಲ್ಲಿರಲಿ, ಚೇರ್ಮನ್ ಬಂದ ಮೇಲೆ ನೋಡುವಾ.

ನಾಚಿಕೆಯಿಂದ ಬರೆಯುತ್ತಿದ್ದೇನೆ. ನನ್ನ ತಲೆ ಅಲ್ಲಾಡಿತು. ಹೂಂ ಅನ್ನಲು ಬಾಯಿ ತೆರೆದಿತ್ತು. ಮೂವತ್ತು ವರ್ಷದ ಅಭ್ಯಾಸ ನೋಡಿ. ಎದುರಿನವನು ಅರ್ಧಕ್ಕೆ ಇಳಿದ ಅಂದರೆ ಗೆದ್ದ ಹಾಗೆ. ಅರ್ಧ ಇವತ್ತು, ಉಳಿದರ್ಧಕ್ಕೆ ಇನ್ನೊಂದು ಸಲ ಬಂದು ಎಳೆದರಾಯಿತು. ಬಟ್ಟೆಯ ವ್ಯಾಪಾರದಲ್ಲಿ ಅದು ನಡೆಯುತ್ತದೆ.

“ಅರ್ಧ ಬೇಡ ಅಕ್ಕ,” ಅಂದಳು ಕಾವ್ಯ. “ಎರಡೂ ನನ್ನದೇ.”

ಅಷ್ಟು ಹೊತ್ತು ಗೋಡೆಗೆ ಒರಗಿ ನಿಂತಿದ್ದವಳು. ಮ್ಯಾನೇಜರನ್ನು ನೋಡಲೂ ಇಲ್ಲ. ನೇರ ಹೋಗಿ ಆಫೀಸಿನ ಬಾಗಿಲನ್ನು ಪೂರ್ತಿ ತೆಗೆದಳು. ಹೊರಗಿನ ಬೆಂಚು ನಮಗೆ, ನಾವು ಬೆಂಚಿಗೆ ನೇರ ಕಾಣುವ ಹಾಗಾಯಿತು. ಅಲ್ಲಿಂದಲೇ ಕೇಳಿದಳು, ಕ್ಲಾಸಿನಲ್ಲಿ ಪ್ರಶ್ನೆ ಕೇಳುವ ಹಾಗೆ, ಸಿಟ್ಟಿಲ್ಲ ಏನಿಲ್ಲ. “ಸಾರ್, ಫಸ್ಟ್ ಇಯರಿನವರನ್ನ ಯಾವ ಆಸ್ಪತ್ರೆಗೆ, ವಾರಕ್ಕೆ ಎಷ್ಟು ದಿನ ಕಳಿಸ್ತೀರಿ?”

ಮ್ಯಾನೇಜರ್ ಟೈ-ಅಪ್ ಇದೆ ಅಂದ.

“ಹೆಸರು ಹೇಳಿ ಸಾರ್. ನಾವು ಇವತ್ತೇ ಹೋಗಿ ನೋಡಿಕೊಂಡು ಬರ್ತೀವಿ.”

ಬೆಂಚಿನ ಮೇಲಿದ್ದವರು ಒಬ್ಬೊಬ್ಬರಾಗಿ ತಲೆ ಎತ್ತಿದರು. ಮ್ಯಾನೇಜರ್ ಬಾಗಿಲು ಹಾಕಮ್ಮ ಅಂದ. ಅವಳು ಹಾಕಲಿಲ್ಲ. ನಾನು ನನ್ನ ಕುರ್ಚಿಯನ್ನು ಎಳೆದುಕೊಂಡು ಹೋಗಿ ಅದೇ ಬಾಗಿಲಿಗೆ ಅಡ್ಡ ಹಾಕಿ ಕೂತೆ. ಚೇರ್ಮನ್ ಬರುವ ತನಕ ಇಲ್ಲೇ ಕೂತಿರ್ತೇವೆ, ಕೂತಷ್ಟು ಹೊತ್ತು ಈ ಹುಡುಗಿ ಕೇಳ್ತಾ ಇರ್ತಾಳೆ, ಬಂದವರೆಲ್ಲ ಕೇಳಿಸಿಕೊಳ್ತಾ ಇರ್ತಾರೆ, ನಮಗೇನೂ ಅರ್ಜೆಂಟಿಲ್ಲ ಅಂದೆ. (ಕೊನೆಯ ಬಸ್ಸು ತಪ್ಪುತ್ತದೆ ಅಂತ ಒಳಗೊಳಗೆ ನಡುಗುತ್ತಿದ್ದೆ, ಆ ಮಾತು ಬೇರೆ.)

ಹತ್ತು ನಿಮಿಷ ಹಿಡಿಯಲಿಲ್ಲ. ಮ್ಯಾನೇಜರ್ ಎದ್ದು ಬೀರುವಿನ ಕೀಲಿ ತೆಗೆದ. ಒಳಗೆ ಕವರುಗಳು ಅಟ್ಟಿ ಅಟ್ಟಿಯಾಗಿದ್ದವು. ಹೊಸದು, ಹಳೆಯದು, ಹಳದಿಗಟ್ಟಿದ್ದು. ಯೂನಿವರ್ಸಿಟಿಗೆ ಹೋದದ್ದು ಯಾವುದೂ ಇರಲಿಲ್ಲ, ಎಲ್ಲ ಅಲ್ಲೇ ಇದ್ದವು. ನಡುವಿನಿಂದ ಒಂದನ್ನು ಎಳೆದು ಮೇಜಿನ ಮೇಲೆ ಎಸೆದ. ಕಾವ್ಯ ಎರಡೂ ಕಾರ್ಡು ಹೊರಗೆ ತೆಗೆದು, ನಂಬರು ಓದಿ, ಹಿಂದೆ ಮುಂದೆ ನೋಡಿ, ಆಮೇಲೆ ಒಳಗಿಟ್ಟುಕೊಂಡಳು. ಕತ್ತಿಯ ಬಾಯಿ ತಟ್ಟಿ ನೋಡುವವರ ಮಗಳು, ಸಂಶಯವಿಲ್ಲ.

ಗುರುವಾರವೇ ಹೋಗಿ ಹಾಜರಾದಳು. ಈಗ ಜಿಲ್ಲಾಸ್ಪತ್ರೆಯ ಹಾಸ್ಟೆಲಿನಲ್ಲಿದ್ದಾಳೆ. ಕೋಟು ನಾನೇ ಹೊಲಿದೆ, ಕಂಕುಳಿಗೆ ಡಬಲ್ ಹೊಲಿಗೆ ಹಾಕಿ. ಮಂಜಪ್ಪ ಇವತ್ತಿಗೂ ಕೊಪ್ಪಕ್ಕೆ ಹೋದರೆ ಸುಧಾಕರನ ಅಂಗಡಿ ಇರುವ ರಸ್ತೆ ಬಿಟ್ಟು ಬಳಸಿ ಹೋಗುತ್ತಾನಂತೆ, ಮುಖ ತೋರಿಸಲು ನಾಚಿಕೆಯಾಗಿ. ಸುಧಾಕರನಿಗೆ ನಾಚಿಕೆಯಾದ ಸುದ್ದಿ ಇನ್ನೂ ಬಂದಿಲ್ಲ.

ಪುಕ್ಕಟೆ ಸಲಹೆ ಕೊಡದೆ ನಾನು ಯಾರನ್ನೂ ಬಿಡುವುದಿಲ್ಲ, ನಿಮಗೂ ಇರಲಿ. ಒರಿಜಿನಲ್ ಅನ್ನುವುದನ್ನು ಸೇರುವ ದಿನ, ಸೇರುವ ಕಾಲೇಜಿನಲ್ಲಿ, ಸಹಿ ಸೀಲು ಇರುವ ರಶೀದಿ ತಗೊಂಡು ಕೊಡಿ. ಅಲ್ಲಿಯ ತನಕ ಯಾವ ಅಣ್ಣ ಬಂದರೂ ಜೆರಾಕ್ಸ್, ಅದೂ ಬೇಕಿದ್ದರೆ. ನರ್ಸಿಂಗ್ ಡಿಗ್ರಿ ಓದಿ ಮುಗಿಸಿದರೆ ಆಗಲಿಲ್ಲ, ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ರಿಜಿಸ್ಟರ್ ಆಗಬೇಕು, ಆಗಲೇ ಅವಳು ನರ್ಸು. ಆದ್ದರಿಂದ ಕಾಲೇಜಿಗೆ ಮಾನ್ಯತೆ ಇದೆಯಾ ಅಂತ ಏಜೆಂಟನ್ನು ಕೇಳಬೇಡಿ, ಕೌನ್ಸಿಲಿನ ಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ, ಹುಡುಗಿಯ ಕೈಗೆ ಮೊಬೈಲು ಕೊಟ್ಟರೆ ಎರಡು ನಿಮಿಷದಲ್ಲಿ ಹುಡುಕುತ್ತಾಳೆ. ಪಟ್ಟಿಯಲ್ಲಿ ಹೆಸರಿದ್ದರೂ ಒಂದು ಸಲ ಹೋಗಿ. ಪ್ರಿನ್ಸಿಪಾಲರ ರೂಮಿಗೆ ಹೋಗಿ ಕಾಫಿ ಕುಡಿಯಬೇಡಿ. ಊಟದ ಹೊತ್ತಿಗೆ ಕಾರಿಡಾರಿನಲ್ಲಿ ನಿಂತು ಮೂರನೇ ವರ್ಷದವರ ಕೋಟು ನೋಡಿ. ನನ್ನ ಚೌಕಾಸಿಯೆಲ್ಲ ಹಾಳಾಗಲಿ, ಮೊದಲು ಕೋಟು.

ಆ ಬೆಂಚಿನ ಮೇಲಿದ್ದ ಅಪ್ಪ ಅಮ್ಮಂದಿರು ಏನು ಮಾಡಿದರು ಅಂತ ನೀವು ಕೇಳಬಹುದು. ಎಲ್ಲ ಕಣ್ಣಾರೆ ಕಂಡವರಲ್ಲವೇ? ಹೆಸರು ಹೇಳಲಾಗದ ಆಸ್ಪತ್ರೆ, ಕೀಲಿ ಹಾಕಿದ ಬೀರು, ಎಲ್ಲವನ್ನೂ.

ಒಬ್ಬರು ಎದ್ದು ಹೋದರು. ಉಳಿದವರು ಕೂತೇ ಇದ್ದರು. ಶೃಂಗೇರಿ ಕಡೆಯ ಒಬ್ಬ ಯಜಮಾನರು ಮೆಟ್ಟಿಲ ತನಕ ನನ್ನ ಹಿಂದೆ ಬಂದರು. ನನ್ನ ಪರಿಚಯದವರೇ, ಮೊಮ್ಮಕ್ಕಳ ಯೂನಿಫಾರ್ಮಿಗೆ ಬರುವವರು. ಥ್ಯಾಂಕ್ಸ್ ಹೇಳಲು ಬಂದರು ಅಂದುಕೊಂಡೆ. ನೀವು ಹೀಗೆ ಗಲಾಟೆ ಮಾಡಿದರೆ ನಮ್ಮ ಹುಡುಗಿಯ ಸೀಟಿಗೂ ಕಲ್ಲು ಬೀಳ್ತದೆ ಮಾರಾಯ್ತಿ ಅಂದರು. ಅವರಿಗೆ ಎಲ್ಲವೂ ಗೊತ್ತಂತೆ. ಆಸ್ಪತ್ರೆ ಇಲ್ಲ ಅನ್ನುವುದೂ ಗೊತ್ತಂತೆ. ಕೊನೆಯ ಮಗಳು ಸೂಕ್ಷ್ಮ, ರಕ್ತ ಕಂಡರೆ ಆಗುವುದಿಲ್ಲ, ವಾರ್ಡು ಗೀರ್ಡು ಇಲ್ಲದ ಕಡೆಯೇ ಬೇಕು ಅಂತ ಹುಡುಕಿ ಬಂದವರು. ಡಿಗ್ರಿ ಒಂದು ಆಗಿಬಿಟ್ಟರೆ ಕೆಲಸ ಹೇಗೋ ಆಗ್ತದೆ, ಅಲ್ಲನಾ? ಹೇಳಿಯಾದ ಮೇಲೆ ವಾಪಸ್ ಹೋಗಿ ತಮ್ಮ ಕವರನ್ನು ಮ್ಯಾನೇಜರಿನ ಕೈಗೆ ಕೊಟ್ಟರು. ಎರಡೂ ಕೈಯಲ್ಲಿ.

ಯಜಮಾನರೇ, ನಿಮಗೆ ಸಕ್ಕರೆ ಕಾಯಿಲೆ ಇದೆ, ವಯಸ್ಸೂ ಆಗುತ್ತಾ ಬಂತು. ನಿಮ್ಮ ಮಗಳ ಕ್ಲಾಸಿನವಳೇ ಒಬ್ಬಳು ನಾಳೆ ಸೂಜಿ ಹಿಡಿದು ನಿಮ್ಮ ಹಾಸಿಗೆಯ ಹತ್ತಿರ ಬಂದರೆ, ಕೈ ಚಾಚುತ್ತೀರೋ, ಮೂಸಂಬಿ ಚಾಚುತ್ತೀರೋ?